ಮಟಮಟ ಮಧ್ಯಾಹ್ನ ಫುಟ್‌ಪಾತ್‌ಗೆ ನೆರಳು ಕೊಡುವವರು ಯಾರು?

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಫೀನಿಕ್ಸ್ ನಗರದಲ್ಲಿದ್ದಾರೆ. ಕಳೆದ ಜೂನ್‌ನಲ್ಲಿ ಅವರಲ್ಲಿಗೆ ಹೋಗಿದ್ದೆವು. ಡೌನ್‌ಟೌನ್‌ನಲ್ಲಿ ಎತ್ತ ನೋಡಿದರೂ ಹೊಸ ಬಹುಮಹಡಿ ಕಟ್ಟಡಗಳು. ಆದರೆ ಮಧ್ಯಾಹ್ನ ಫುಟ್‌ಪಾತ್‌ನಲ್ಲಿ ಹತ್ತು ಹೆಜ್ಜೆ ನಡೆಯಲಾಗದಂಥ ಬಿಸಿಲು. ಸಂಜೆ ನಾಲ್ಕಕ್ಕೂ ಬಸ್ಸಿಗೆ ಕಾಯುವವರು ಕಂಬದ ನೆರಳಿನಲ್ಲಿ ಒಬ್ಬರ ಹಿಂದೊಬ್ಬರು ನಿಂತಿದ್ದರು. ಹೊಸ ಕಟ್ಟಡ ಕಟ್ಟುವವರು ಫುಟ್‌ಪಾತ್‌ಗೆ ನೆರಳು ಒದಗಿಸಲೇಬೇಕೆಂಬ ನಿಯಮ ಅಲ್ಲಿದೆ ಎಂದು ಅಳಿಯ ಹೇಳಿದರು. ಹಾಗಿದ್ದರೆ ನೆರಳೆಲ್ಲಿ? ಅಷ್ಟೆತ್ತರದ ಕಟ್ಟಡಗಳೇ ನೆರಳು ಕೊಡಬೇಕಲ್ಲವೇ? ಮಲ್ಲೇಶ್ವರದ ನಮ್ಮ ರಸ್ತೆಯಲ್ಲೂ ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ನಾವು ಏನು ಕೇಳಬೇಕು, ಯಾರನ್ನು ಕೇಳಬೇಕು?
— ನಿವೃತ್ತ ಶಿಕ್ಷಕಿ, ಮಲ್ಲೇಶ್ವರ

ಉತ್ತರ: ನಿಮ್ಮ ಅಳಿಯ ಹೇಳಿದ್ದು ನಿಜ. ನೀವು ಕಣ್ಣಾರೆ ಕಂಡದ್ದೂ ನಿಜ. ನಿಯಮ ಇದೆ, ನೆರಳು ಇನ್ನೂ ಬಂದಿಲ್ಲ. ಯಾಕೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಎತ್ತರದ ಕಟ್ಟಡ ನೆರಳು ಕೊಡಬೇಕಲ್ಲವೇ ಎಂಬ ಎರಡನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಕಟ್ಟಡ ನೆರಳು ಕೊಡುತ್ತದೆ, ಆದರೆ ನಿಮಗೆ ಬೇಕಾದ ಹೊತ್ತಿಗೆ, ಬೇಕಾದ ಜಾಗಕ್ಕೆ ಕೊಡುವುದಿಲ್ಲ. ಫೀನಿಕ್ಸ್ ಇರುವುದು ಸುಮಾರು 33.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ 21ರಂದು ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದಲ್ಲಿ ಹನ್ನೆರಡೂವರೆ ಹೊತ್ತಿಗೆ. ಆಗ ಅವನ ಎತ್ತರ 80 ಡಿಗ್ರಿ, ಅಂದರೆ ನಟ್ಟನಡು ನೆತ್ತಿಯಿಂದ ಹತ್ತೇ ಡಿಗ್ರಿ ಕೆಳಗೆ. 60 ಮೀಟರ್ ಎತ್ತರದ, ಸುಮಾರು ಇಪ್ಪತ್ತು ಮಹಡಿಯ ಕಟ್ಟಡದ ನೆರಳು ಆ ಹೊತ್ತಿಗೆ ಹತ್ತು ಹನ್ನೊಂದು ಮೀಟರ್ ಮಾತ್ರ, ಅದೂ ಉತ್ತರ ದಿಕ್ಕಿಗೆ. ಕಟ್ಟಡದ ಉತ್ತರಕ್ಕೆ ರಸ್ತೆ ಇದ್ದರೆ ಅಲ್ಲಿಯ ಫುಟ್‌ಪಾತ್ ಬದುಕಿತು. ಎದುರು ಬದಿಯವರಿಗೆ, ದಕ್ಷಿಣದ ಬೀದಿಯವರಿಗೆ ಏನೂ ಇಲ್ಲ.

ಸಂಜೆ ನಾಲ್ಕಕ್ಕೆ ಅಲ್ಲಿ ಸೂರ್ಯ ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿರುತ್ತಾನೆ, ಎತ್ತರ ಇನ್ನೂ 43 ಡಿಗ್ರಿ. ವಾಷಿಂಗ್ಟನ್, ವ್ಯಾನ್ ಬ್ಯೂರೆನ್ ಥರದ ಪೂರ್ವ-ಪಶ್ಚಿಮ ರಸ್ತೆಗಳಲ್ಲಿ ಬಿಸಿಲು ರಸ್ತೆಯ ಉದ್ದಕ್ಕೇ ಹರಿದು ಬರುತ್ತದೆ. ಎರಡೂ ಬದಿ ಗೋಪುರ ಕಟ್ಟಿದರೂ ಫುಟ್‌ಪಾತ್ ಒಣಗುವುದು ತಪ್ಪುವುದಿಲ್ಲ. ಉತ್ತರ-ದಕ್ಷಿಣವಾಗಿರುವ ಸೆಂಟ್ರಲ್ ಅವೆನ್ಯೂದಲ್ಲಿ ಕಥೆ ಬೇರೆ: ಪಶ್ಚಿಮ ಬದಿಯ ಕಟ್ಟಡ ತನ್ನ ಮುಂದಿನ ಫುಟ್‌ಪಾತನ್ನೂ ಅರ್ಧ ರಸ್ತೆಯನ್ನೂ ಮುಚ್ಚುತ್ತದೆ. ಆದರೆ ಅಲ್ಲಿ ಕಟ್ಟಡದ ಬದಲು ಬಯಲು ಕಾರ್ ಪಾರ್ಕಿಂಗ್ ಇದ್ದರೆ, ಫೀನಿಕ್ಸ್ ಡೌನ್‌ಟೌನ್‌ನಲ್ಲಿ ಅಂಥ ಜಾಗಕ್ಕೇನೂ ಕೊರತೆಯಿಲ್ಲ, ನೆರಳು ಬೀಳಿಸಲು ಏನಿದೆ? ನೀವು ಕಂಡವರು ಕಂಬದ ಹಿಂದೆ ಸಾಲುಗಟ್ಟಿದ್ದು ಇದಕ್ಕೇ.

ಈಗ ಬೆಂಗಳೂರಿಗೆ ಬನ್ನಿ. ನಮ್ಮ ಅಕ್ಷಾಂಶ 13 ಡಿಗ್ರಿ. ಜೂನ್ 21ರ ನಡುಹಗಲು ಇಲ್ಲೂ ಸೂರ್ಯನ ಎತ್ತರ ಸುಮಾರು 80 ಡಿಗ್ರಿಯೇ, ಆದರೆ ಇಲ್ಲಿ ಅವನು ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಒಂದೇ ದಿನ, ಒಂದೇ ಎತ್ತರ, ಎದುರುಬದುರು ದಿಕ್ಕು. ಅದಿರಲಿ, ನಮಗೆ ಜೂನ್ ಕಷ್ಟದ ತಿಂಗಳಲ್ಲ, ಅಷ್ಟರಲ್ಲಿ ಮಳೆಗಾಲ. ಕಷ್ಟ ಏಪ್ರಿಲ್‌ನಲ್ಲಿ. ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನ 12.17ರ ಹೊತ್ತಿಗೆ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರ ನಿಲ್ಲುತ್ತಾನೆ. ಶೂನ್ಯ ನೆರಳಿನ ದಿನ ಎಂದು ಮಕ್ಕಳಿಗೆ ಶಾಲೆಯಲ್ಲಿ ಕಂಬ ನೆಟ್ಟು ತೋರಿಸುವುದು ಇದನ್ನೇ, ನೀವೂ ತೋರಿಸಿರಬಹುದು ಮೇಡಂ. ಬೆಂಗಳೂರಿನ ಏಪ್ರಿಲ್ ತಿಂಗಳ ದಾಖಲೆ 39.2 ಡಿಗ್ರಿ ಸೆಲ್ಸಿಯಸ್. 2016ರಲ್ಲಿ ಅದು ಬಂದದ್ದೂ ಏಪ್ರಿಲ್ 24ರಂದೇ. ಸೂರ್ಯ ನೆತ್ತಿಯ ಮೇಲೆ ನಿಂತ ಹೊತ್ತಿಗೆ ಐದು ಮಹಡಿಯಾಗಲಿ ಐವತ್ತು ಮಹಡಿಯಾಗಲಿ, ಕಟ್ಟಡದ ನೆರಳು ಸೊನ್ನೆ.

ಆ ದಿನಗಳಲ್ಲಿ ಮಧ್ಯಾಹ್ನ ಮೂರೂಕಾಲಿಗೆ ಸೂರ್ಯ 46 ಡಿಗ್ರಿಗೆ ಇಳಿದಿರುತ್ತಾನೆ, ದಿಕ್ಕು ಹೆಚ್ಚುಕಡಿಮೆ ನೇರ ಪಶ್ಚಿಮ. ಸಂಪಿಗೆ ರಸ್ತೆ ಉತ್ತರ-ದಕ್ಷಿಣ. ಅಲ್ಲಿ ಹತ್ತು ಮೀಟರಿನ ಮೂರು ಮಹಡಿ ಕಟ್ಟಡದ ನೆರಳೂ ಒಂಬತ್ತು ಮೀಟರ್ ದಾಟಿ ಬೀಳುತ್ತದೆ. ಪಶ್ಚಿಮ ಬದಿಯ ಫುಟ್‌ಪಾತ್ ತಂಪು. ಹೂವು, ತರಕಾರಿ ಮಾರುವವರಿಗೆ ಇದು ನಮ್ಮಂಥ ಎಂಜಿನಿಯರುಗಳಿಗಿಂತ ಚೆನ್ನಾಗಿ ಗೊತ್ತು. ಬೆಳಿಗ್ಗೆ ಯಾವ ಬದಿ ಬುಟ್ಟಿ ಇಡಬೇಕು, ಊಟದ ಮೇಲೆ ಛತ್ರಿಯನ್ನು ಎತ್ತ ವಾಲಿಸಬೇಕು, ಹೂವಿನ ಮೇಲಿನ ಒದ್ದೆ ಗೋಣಿಯನ್ನು ಯಾವಾಗ ಮಡಚಬಹುದು, ಎಲ್ಲ ಲೆಕ್ಕ ಅವರಲ್ಲಿದೆ. ಎಂ.ಜಿ. ರಸ್ತೆಯಂಥ ಪೂರ್ವ-ಪಶ್ಚಿಮ ರಸ್ತೆಯಲ್ಲಿ ಅದೇ ಹೊತ್ತಿಗೆ ಮೂವತ್ತು ಮೀಟರ್ ಎತ್ತರದ ಕಟ್ಟಡ ರಸ್ತೆಯ ಕಡೆಗೆ ಚಾಚುವ ನೆರಳು ಎರಡೂವರೆ ಮೂರು ಮೀಟರ್, ಅದೂ ಉತ್ತರ ಬದಿಯಲ್ಲಿದ್ದರೆ ಮಾತ್ರ. ಕಟ್ಟಡ ಎತ್ತರವಾದಷ್ಟೂ ಸೆಟ್‌ಬ್ಯಾಕ್, ಅಂದರೆ ಸೈಟಿನ ಗಡಿಗೂ ಕಟ್ಟಡಕ್ಕೂ ನಡುವಿನ ಖಾಲಿ ಜಾಗ, ಹೆಚ್ಚು ಬಿಡಬೇಕಲ್ಲ, ಆ ಮೂರು ಮೀಟರ್ ನೆರಳು ಕಾಂಪೌಂಡಿನ ಒಳಗೇ ಬಿದ್ದು ಸೆಕ್ಯುರಿಟಿಯವರ ಕುರ್ಚಿಗೆ ಉಪಯೋಗವಾಗುತ್ತದೆ.

ಹಾಗಾಗಿ ನಡುಹಗಲಿಗೆ ಬೇಕಾದದ್ದು ಪಕ್ಕದಲ್ಲಿ ನಿಲ್ಲುವ ಎತ್ತರ ಅಲ್ಲ, ತಲೆಯ ಮೇಲೆ ಚಾಚಿಕೊಳ್ಳುವ ಏನಾದರೊಂದು: ಮರ, ಸಜ್ಜಾ, ಚಪ್ಪರ, ಇಲ್ಲವೇ ಕಟ್ಟಡದ ಕೆಳಮಹಡಿಯನ್ನೇ ಒಳಗೆ ತಳ್ಳಿ ಮಾಡಿದ ಕಂಬಸಾಲಿನ ಓಣಿ. ಕೊನೆಯದನ್ನು ಬ್ರಿಟಿಷ್ ಅಧಿಕಾರಿ ರಾಫೆಲ್ಸ್ 1822ರಲ್ಲೇ ಸಿಂಗಪುರದ ನಗರ ಯೋಜನೆಯಲ್ಲಿ ಕಡ್ಡಾಯ ಮಾಡಿದ. ಚಂಡೀಗಢದ 17ನೇ ಸೆಕ್ಟರಿನ ಅಂಗಡಿ ಸಾಲಿನಲ್ಲೂ ಅದೇ ಇದೆ. ಹೊಸದೇನಲ್ಲ.

ನೆರಳು ಎಂದರೆ ಬರೀ ಗಾಳಿಯ ಉಷ್ಣಾಂಶ ಇಳಿಸುವುದಲ್ಲ. ನೆರಳಿನಲ್ಲಿ ಥರ್ಮಾಮೀಟರ್ ಹಿಡಿದರೆ ಒಂದೆರಡು ಡಿಗ್ರಿಯೂ ಕಡಿಮೆ ತೋರಿಸದೇ ಇರಬಹುದು, ಮೈಗೆ ಮಾತ್ರ ಜೀವ ಬಂದಂತಾಗುತ್ತದೆ. ಯಾಕೆಂದರೆ ಮೈ ಸುಡುವುದು ಹೆಚ್ಚಾಗಿ ವಿಕಿರಣ: ಮೇಲಿಂದ ಸೂರ್ಯ, ಕೆಳಗಿಂದ ಕಾದ ಡಾಂಬರು, ಪಕ್ಕದಿಂದ ಕಾದ ಗೋಡೆ. ಅರಿಜೋನ ಸ್ಟೇಟ್ ವಿಶ್ವವಿದ್ಯಾಲಯದ ಏರಿಯಾನ್ ಮಿಡ್ಡೆಲ್ ಎಂಬ ವಿಜ್ಞಾನಿ ಇದನ್ನು ಅಳೆಯಲು ಸೆನ್ಸರ್‌ಗಳನ್ನು ಹೇರಿದ ಒಂದು ತಳ್ಳುಗಾಡಿ ಮಾಡಿಕೊಂಡಿದ್ದಾರೆ, ಅದರ ಹೆಸರು ಮಾರ್ಟಿ. ಫೀನಿಕ್ಸ್ ಪಕ್ಕದ ಟೆಂಪಿಯಲ್ಲಿ ಈ ಗಾಡಿಯನ್ನು ಬಿಸಿಲಿನಲ್ಲಿ ನಿಲ್ಲಿಸಿದಾಗ, ಎಲ್ಲ ದಿಕ್ಕಿನ ವಿಕಿರಣ ಸೇರಿಸಿದ ಲೆಕ್ಕ 70 ಡಿಗ್ರಿ ಸೆಲ್ಸಿಯಸ್ ದಾಟಿದ್ದಿದೆ. ಅವರ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹಗಲಿನಲ್ಲಿ ಈ ಹೊರೆಯನ್ನು ಅತಿ ಹೆಚ್ಚು ಇಳಿಸುವುದು ಒತ್ತೊತ್ತಾದ ಕಟ್ಟಡಗಳ ನೆರಳು, ನಂತರ ಮರ, ಕೊನೆಗೆ ಬಟ್ಟೆ-ತಗಡಿನ ಹಗುರ ಚಾವಣಿ. ಕಟ್ಟಡ ಮೊದಲು ಬಂದದ್ದನ್ನು ನೋಡಿ ಬಿಲ್ಡರುಗಳು ಖುಷಿಪಡಬೇಕಿಲ್ಲ. ಅದು ಕಟ್ಟಡದ ನೆರಳು ನಿಜಕ್ಕೂ ಬಿದ್ದ ಜಾಗದ ಮಾತು. ಬೀಳದ ಹೊತ್ತಿನ ಲೆಕ್ಕ ಮೇಲೆ ಕೊಟ್ಟಿದ್ದೇನೆ.

ಈಗ ಫೀನಿಕ್ಸ್‌ನ ನಿಯಮಕ್ಕೆ. 2010ರಲ್ಲಿ ಅಲ್ಲಿಯ ನಗರಸಭೆ ಮರ-ನೆರಳಿನ ಮಹಾಯೋಜನೆ ಒಪ್ಪಿತು. 2030ರೊಳಗೆ ಊರಿನ ಶೇ 25ರಷ್ಟು ಭಾಗಕ್ಕೆ ಮರದ ಹೊದಿಕೆ ಎಂಬುದು ಅದರ ಗುರಿ. 2015ರಲ್ಲಿ ಬಂದ, ಕಾಲ್ನಡಿಗೆಗೆ ಒತ್ತು ಕೊಡುವ ಕಟ್ಟಡ ಸಂಹಿತೆ, ಅದು ಅನ್ವಯವಾಗುವ ವಲಯಗಳಲ್ಲಿ ಹೊಸ ಕಟ್ಟಡದ ಮುಂದಿನ ಫುಟ್‌ಪಾತ್‌ನ ಶೇ 75ಕ್ಕೆ ನೆರಳು ಇರಬೇಕೆಂದಿತು. 2021ರಲ್ಲಿ ಬಿಸಿಲನ್ನು ನಿಭಾಯಿಸಲೆಂದೇ ಪಾಲಿಕೆಯಲ್ಲಿ ಪ್ರತ್ಯೇಕ ಕಚೇರಿ ತೆರೆದರು. 2023ರಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿತು, ಆ ವರ್ಷ ಫೀನಿಕ್ಸ್ ಇರುವ ಮಾರಿಕೋಪ ಕೌಂಟಿಯಲ್ಲಿ ಬಿಸಿಲಿಗೆ ಸಂಬಂಧಿಸಿ ಸತ್ತವರು 645 ಮಂದಿ. ಆಮೇಲೆ 2024ರ ನವೆಂಬರಿನಲ್ಲಿ ಹೊಸ ನೆರಳಿನ ಯೋಜನೆ ಬಂತು: ಐದು ವರ್ಷದಲ್ಲಿ 27,000 ಮರ, 550 ನೆರಳಿನ ಚಾವಣಿಗಳು.

ಇಷ್ಟೆಲ್ಲ ಇದ್ದೂ ನೆರಳಿಲ್ಲದಿರಲು ಮೊದಲ ಕಾರಣ ಸರಳ. ನಿಯಮ ಹೊಸದಾಗಿ ಅರ್ಜಿ ಹಾಕುವವರಿಗೆ ಮಾತ್ರ. ಒಂದು ಬ್ಲಾಕಿನಲ್ಲಿ ಒಂದು ಕಟ್ಟಡ ಹೊಸದಾದರೆ ಅದರ ಮುಂದೆ ಅಷ್ಟುದ್ದ ನೆರಳು. ಪಕ್ಕದ ಹಳೇ ಕಟ್ಟಡ, ಅದರಾಚೆಯ ಪಾರ್ಕಿಂಗ್ ಬಯಲು ಹಾಗೇ ಇರುತ್ತವೆ. ನಡೆಯುವವರಿಗೆ ನೆರಳು ತುಂಡುತುಂಡಾಗಿ ಸಿಗುತ್ತದೆ.

ಎರಡನೆಯದರ ಬಗ್ಗೆ ನನಗೆ ಸಿಟ್ಟಿದೆ. ಬಿಲ್ಡರ್ ಕೊಡುವ ನಕ್ಷೆಯಲ್ಲಿ ಮರವೆಂದರೆ ಒಂದು ಹಸಿರು ವೃತ್ತ. ಆ ವೃತ್ತದ ಅಗಲ ಮರ ಪೂರ್ತಿ ಬೆಳೆದ ಮೇಲಿನದು. ಶೇ 75 ಎಂಬ ಲೆಕ್ಕ ಆ ವೃತ್ತಗಳನ್ನು ಕೂಡಿ ಬರುವುದು. ಕಟ್ಟಡ ಉದ್ಘಾಟನೆಯ ದಿನ ಅಲ್ಲಿ ಇರುವುದು ಹೆಬ್ಬೆರಳಿನಷ್ಟು ದಪ್ಪದ, ಎರಡು ಗೂಟಕ್ಕೆ ಕಟ್ಟಿದ ಪಾಲೊ ವರ್ಡೆ ಅಥವಾ ಮೆಸ್ಕೀಟ್ ಸಸಿ. ಫೀನಿಕ್ಸ್‌ನಲ್ಲಿ ವರ್ಷದ ಮಳೆ 200 ಮಿಲಿಮೀಟರಿಗಿಂತ ಕಡಿಮೆ, ಹನಿ ನೀರಾವರಿಯ ಪೈಪಿಲ್ಲದೆ ಸಸಿ ಉಳಿಯುವುದಿಲ್ಲ. ಪೈಪು ಎಲ್ಲೋ ಕಟ್ಟಿಕೊಂಡಿತು, ಕಟ್ಟಡ ಕೈ ಬದಲಾಯಿತು, ಹೊಸ ಮಾಲೀಕನಿಗೆ ಸಸಿಯ ಉಸಾಬರಿ ಬೇಕಿಲ್ಲ, ಮುಗಿಯಿತು. ಗುಂಡಿಯಲ್ಲಿ ಜಲ್ಲಿ ತುಂಬುತ್ತಾರೆ. ಸತ್ತ ಮರದ ಜಾಗದಲ್ಲಿ ಮತ್ತೆ ನೆಟ್ಟರೋ ಇಲ್ಲವೋ ಎಂದು ಐದು ವರ್ಷ ಬಿಟ್ಟು ಬಂದು ನೋಡುವ ವ್ಯವಸ್ಥೆ ಇಲ್ಲದಿದ್ದರೆ ಯಾವ ಊರಿನ ನಿಯಮವೂ ಕಾಗದದ ಮೇಲೇ ಉಳಿಯುತ್ತದೆ. ಜೊತೆಗೆ ಫುಟ್‌ಪಾತ್ ಅಡಿಯಲ್ಲಿ ನೀರು, ವಿದ್ಯುತ್, ಫೈಬರ್ ಕೇಬಲ್. ಮರ ನೆಡಬೇಕಾದ ಜಾಗದಲ್ಲೇ ಅವು ಇರುತ್ತವೆ. ಇನ್ನು ಸಾರ್ವಜನಿಕ ಫುಟ್‌ಪಾತ್ ಮೇಲೆ ಸಜ್ಜಾ ಚಾಚಬೇಕೆಂದರೆ ಪಾಲಿಕೆಯಿಂದ ಬೇರೆಯೇ ಅನುಮತಿ ತರಬೇಕು, ಎಷ್ಟೋ ಜನ ಆ ತಂಟೆಗೇ ಹೋಗುವುದಿಲ್ಲ. ಹಳೇ ರಸ್ತೆಗಳಲ್ಲಿರುವ ಪಾಮ್ ಮರಗಳು ಫೋಟೊಗೆ ಚೆಂದ, ನೆರಳಿಗೆ ದೀಪದ ಕಂಬಕ್ಕೆ ಸಮ. ನಮ್ಮ ಅಪಾರ್ಟ್‌ಮೆಂಟುಗಳ ಗೇಟಿನಲ್ಲೂ ಅದೇ ಪಾಮ್, ಅದೇ ಕಂಬದಂಥ ಅಶೋಕ.

ಬಣ್ಣದ ವಿಷಯ ಒಂದು ಇದೆ, ಬೇಗ ಹೇಳಿಬಿಡುತ್ತೇನೆ. 2020ರಿಂದ ಫೀನಿಕ್ಸ್‌ನವರು ಡಾಂಬರಿನ ಮೇಲೆ ತಿಳಿಬಣ್ಣದ ಲೇಪ ಹಚ್ಚಿ ನೋಡಿದರು. ರಸ್ತೆಯ ಮೈ ಮಧ್ಯಾಹ್ನ ಸುಮಾರು ಆರು ಡಿಗ್ರಿ ಸೆಲ್ಸಿಯಸ್ ತಣ್ಣಗಾಯಿತು. ಆದರೆ ಅಲ್ಲಿ ನಿಂತವರ ಮೇಲಿನ ಬಿಸಿಲಿನ ಹೊರೆ ಮೂರು ಡಿಗ್ರಿಯಷ್ಟು ಏರಿತು, ಬೆಳಕೆಲ್ಲ ತಿರುಗಿ ಅವರ ಮೈಗೆ ಬಡಿಯುತ್ತದಲ್ಲ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳ ಮುಂದೆ ಸಂಜೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಡೆಗೆ ಬಂದರೆ, ವರ್ಷಕ್ಕೆ 900 ಮಿಲಿಮೀಟರ್ ಮೀರಿ ಮಳೆ ಬೀಳುವ ಊರು ಇದು. ನೆರಳು ನಮಗೆ ಹೊಸದಾಗಿ ಕಟ್ಟಬೇಕಾದದ್ದಲ್ಲ, ಹಿಂದಿನವರು ನೆಟ್ಟು ಹೋಗಿದ್ದಾರೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳ್ತನದಲ್ಲಿ ಬೆಂಗಳೂರಿನಲ್ಲಿ ನೆಟ್ಟ ಗಿಡಗಳೇ 15 ಲಕ್ಷ. ಆ ಮರಗಳ ಬೆಲೆ ಏನೆಂದು ಇಲ್ಲೇ ಅಳೆದಿದ್ದಾರೆ ಕೂಡ: ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಲುಮರಗಳಿರುವ ಬೆಂಗಳೂರಿನ ರಸ್ತೆಗಳಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿವರೆಗೆ ತಂಪಾಗಿತ್ತು, ರಸ್ತೆಯ ಮೇಲ್ಮೈ 27.5 ಡಿಗ್ರಿವರೆಗೆ. ಯಾವ ಬಣ್ಣದ ಲೇಪವೂ ಇದರ ಹತ್ತಿರ ಸುಳಿಯುವುದಿಲ್ಲ.

ಹೀಗಿರುವಾಗ ನಿಮ್ಮ ರಸ್ತೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ “ಎಷ್ಟು ಗಿಡ ನೆಡುತ್ತೀರಿ” ಅಲ್ಲ. “ಗೇಟು ಎಲ್ಲಿ ಬರುತ್ತದೆ?” ಎಂದು ಕೇಳಿ. ಹಳೇ ಮನೆ ಇದ್ದಾಗ ಅದರ ಮುಂದೆ ಒಂದು ಗೇಟು, ಪಕ್ಕದಲ್ಲಿ ಒಂದು ಹೊಂಗೆ. ಅಪಾರ್ಟ್‌ಮೆಂಟ್ ಬಂದರೆ ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಇಳಿಜಾರು, ಕಾರು ಹೊಕ್ಕಲು ಒಂದು, ಹೊರಡಲು ಒಂದು ಗೇಟು, ನಡುವೆ ಟ್ರಾನ್ಸ್‌ಫಾರ್ಮರ್. ಇವುಗಳಲ್ಲಿ ಒಂದು ಯಾವಾಗಲೂ ಮರದ ಎದುರಿಗೇ ಬಂದು ಕೂರುತ್ತದೆ. ನಕ್ಷೆ ಹಂತದಲ್ಲಿ ಗೇಟನ್ನು ಆರಡಿ ಸರಿಸುವುದು ಒಂದು ಗೆರೆ ಅಳಿಸಿದಷ್ಟು ಸುಲಭ. ಪಾಯ ಬಿದ್ದ ಮೇಲೆ ಮರವೇ ಸರಿಯಬೇಕಾಗುತ್ತದೆ.

ಆಮೇಲೆ ಬೇಸ್‌ಮೆಂಟಿನ ಅಂಚು. ಸೈಟಿನ ಗಡಿಯವರೆಗೆ ಅಗೆದರೆ ಫುಟ್‌ಪಾತ್ ಮರದ ಆ ಬದಿಯ ಬೇರೆಲ್ಲ ಜೆಸಿಬಿಗೆ ಆಹುತಿ. ಎರಡು ಮೂರು ಮಳೆಗಾಲ ಕಳೆದು ಒಂದು ಗಾಳಿಗೆ ಮರ ಉರುಳುತ್ತದೆ, ಹಳೇ ಮರ ಅಪಾಯಕಾರಿ ಎಂದು ಪಕ್ಕದ್ದನ್ನೂ ಕಡಿಯುತ್ತಾರೆ. ಮುಂಭಾಗದ ಸೆಟ್‌ಬ್ಯಾಕ್ ಅಡಿಯಲ್ಲಿ ಬೇಸ್‌ಮೆಂಟ್ ಬೇಡ, ಅಲ್ಲಿ ಮಣ್ಣು ಮಣ್ಣಾಗಿಯೇ ಇರಲಿ ಎಂದು ಕೇಳಿ. ಹೊಸದಾಗಿ ನೆಡುವ ಮರಕ್ಕೂ ಅದೇ ಮಣ್ಣು ಬೇಕು. ದೊಡ್ಡದಾಗಿ ಬೆಳೆಯುವ ಮರಕ್ಕೆ ಇಪ್ಪತ್ತು ಮೂವತ್ತು ಘನ ಮೀಟರ್ ಮಣ್ಣು ಬೇಕೆನ್ನುವುದು ಈ ಕೆಲಸದವರ ರೂಢಿಯ ಲೆಕ್ಕ. ಸ್ಲ್ಯಾಬ್ ಮೇಲಿನ ಎರಡಡಿ ಮಣ್ಣಿನಲ್ಲಿ ಕ್ರೋಟನ್ ಗಿಡ ಬೆಳೆಯುತ್ತದೆ, ಹೊಂಗೆ ಬೆಳೆಯುವುದಿಲ್ಲ.

ಯಾವ ಮರ ಎಂದು ಕೇಳಿದರೆ ನನ್ನ ಉತ್ತರ ಹೊಂಗೆಯೇ. ಎಲೆ ಉದುರಿಸಿದರೂ ಯುಗಾದಿ ಹೊತ್ತಿಗೆ ಚಿಗುರಿ ಏಪ್ರಿಲ್ ಬಿಸಿಲಿಗೆ ಸರಿಯಾಗಿ ದಟ್ಟವಾಗಿರುತ್ತದೆ. ಬೇವು, ನೇರಳೆ ಆಗಬಹುದು, ನೇರಳೆ ಹಣ್ಣಿನ ಕಲೆಗೆ ಕಾರಿನವರು ಗೊಣಗುತ್ತಾರೆ, ಗೊಣಗಲಿ. ಗುಲಾಬಿ ತಬೂಬಿಯಾ ಹೂ ಬಿಟ್ಟಾಗ ನಾನೂ ನಿಂತು ನೋಡುವವನೇ, ಆದರೆ ಬಿಸಿಲೇರುವ ಹೊತ್ತಿಗೆ ಅದರ ಕೊಂಬೆಯಲ್ಲಿ ಎಲೆ ಕಡಿಮೆ. ನೆರಳಿಗೆ ಅದನ್ನು ನೆಚ್ಚಬೇಡಿ.

ಕೆಳಮಹಡಿಯಲ್ಲಿ ಅಂಗಡಿ ಬರುವ ಕಟ್ಟಡವಾದರೆ ಸಜ್ಜಾದ ಎತ್ತರ ಕೇಳಿ. ಅಂದಕ್ಕೆಂದು ಎರಡು ಮಹಡಿ ಮೇಲೆ ಚಾಚಿದ ಸಜ್ಜಾದ ನೆರಳು ಮಧ್ಯಾಹ್ನ ಮೂರಕ್ಕೆ ಆರು ಮೀಟರ್ ಆಚೆ ಹೋಗಿ ಬೀಳುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಯಾದರೆ ಮೂರು ಮೀಟರ್ ಎತ್ತರದ, ಎರಡು ಮೀಟರ್ ಅಗಲದ ಒಳ್ಳೆಯ ಸಜ್ಜಾ ಕೂಡ ಆ ಹೊತ್ತಿಗೆ ಸೋಲುತ್ತದೆ: ಗೋಡೆಗೆ ಎರಡಡಿಯೊಳಗೆ ಒತ್ತಿ ನಿಂತವರ ತಲೆಗೆ ಮಾತ್ರ ನೆರಳು, ಕಾಲಿಗೆ ಬಿಸಿಲು. ಅಲ್ಲಿ ರಸ್ತೆಯಂಚಿನ ಮರವೇ ಗತಿ. ಸಜ್ಜಾ ನಡುಹಗಲಿಗೆ, ಮರ ಇಳಿಹೊತ್ತಿಗೆ, ಎರಡೂ ಬೇಕು. ನಮ್ಮಲ್ಲಿ ಅಂಗಡಿಯವರು ಎಳೆದುಕೊಂಡ ತಗಡು, ಟಾರ್ಪಾಲನ್ನು ಒತ್ತುವರಿ ಎಂದು ಆಗಾಗ ಕಿತ್ತುಹಾಕುತ್ತಾರೆ. ನೆಲದ ಮೇಲೆ ಸಾಮಾನು ಹರಡಿ ದಾರಿ ತಡೆದರೆ ಒತ್ತುವರಿ, ಒಪ್ಪೋಣ. ತಲೆ ಮೇಲಿನ ಬಟ್ಟೆ ಯಾರ ದಾರಿ ತಡೆಯಿತು? ಅಳತೆ ಗೊತ್ತುಮಾಡಿ ಅದಕ್ಕೆ ಪರವಾನಗಿ ಕೊಡುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಯಾರನ್ನು ಕೇಳಬೇಕು? ನಕ್ಷೆ ಮಂಜೂರು ಮಾಡುವುದು ನಗರ ಯೋಜನೆ ವಿಭಾಗ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳಾಗಿರುವುದರಿಂದ, ನಿಮ್ಮ ವಾರ್ಡ್ ಸೇರಿದ ಪಾಲಿಕೆಯ ಕಚೇರಿಗೆ ಹೋಗಿ. ಮರ ಕಡಿಯಲು ಮಾತ್ರ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಖಾಸಗಿ ಸೈಟಿನೊಳಗಿನ ಮರಕ್ಕೂ ಬೇಕು. ಕಟ್ಟಡದ ಪ್ಲಾನ್ ಪಾಸಾಗಿದೆ ಎಂದ ಮಾತ್ರಕ್ಕೆ ಮರ ಕಡಿಯುವ ಅನುಮತಿ ಸಿಕ್ಕಂತಲ್ಲ. ಮನೆ ಖಾಲಿಯಾಗಿ ಸೈಟಿಗೆ ನೀಲಿ ತಗಡಿನ ಬೇಲಿ ಬಿದ್ದ ವಾರವೇ ಬರೆಯಿರಿ. ಮರಗಳ ಫೋಟೊ, ಕಾಂಡದ ಸುತ್ತಳತೆ, ಗೇಟಿನಿಂದ ಎಷ್ಟು ದೂರ ಎನ್ನುವುದನ್ನು ಜೊತೆಗಿಡಿ. ರಸ್ತೆಯ ನಾಲ್ಕಾರು ಮನೆಯವರ ಸಹಿ ಇದ್ದರೆ ಒಳ್ಳೆಯದು. ಬಿಲ್ಡರ್‌ಗೂ ಒಂದು ಪ್ರತಿ ಕೊಡಿ, ಎಲ್ಲರೂ ಕೆಟ್ಟವರಲ್ಲ. ಮುಂದೆ ದೊಡ್ಡ ಮರವಿದ್ದರೆ ಫ್ಲ್ಯಾಟ್ ಬೇಗ ಮಾರಾಟವಾಗುತ್ತದೆಂದು ಅವರಿಗೂ ಗೊತ್ತು.

ಕೆಲಸ ಶುರುವಾದ ಮೇಲೆ ಎರಡು ವಿಷಯದ ಮೇಲೆ ಕಣ್ಣಿಡಿ. ಮರಳು, ಜಲ್ಲಿ, ಸಿಮೆಂಟ್ ಚೀಲವನ್ನು ಬುಡಕ್ಕೆ ಸುರಿಯಲು ಬಿಡಬೇಡಿ. ಕಾಂಕ್ರೀಟ್ ಮಿಕ್ಸರ್ ತೊಳೆದ ಸುಣ್ಣದ ನೀರು ಬೇರಿಗೆ ವಿಷವಿದ್ದಂತೆ. ಕೊನೆಗೆ ಫುಟ್‌ಪಾತ್ ಟೈಲ್ಸ್ ಹಾಕುವ ಮೇಸ್ತ್ರಿ ಬುಡದವರೆಗೂ ಕಾಂಕ್ರೀಟ್ ಬಳಿಯುತ್ತಾನೆ, ನೀಟಾಗಿ ಕಾಣಲೆಂದು. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ, ಬುಡದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟ್ ತೆಗೆಯಿರಿ ಎಂದು ಆದೇಶಿಸಿತ್ತು. ಆ ಒಂದು ಮೀಟರನ್ನು ಮೇಸ್ತ್ರಿ ಬರುವ ಮುಂಚೆಯೇ ಇಟ್ಟಿಗೆಯಿಂದ ಗುರುತು ಮಾಡಿಸಿಡಿ.